ಪುಟ್ಟ ಮಕ್ಕಳ ತರಗತಿಗೆ ಬದಲಿ ಟೀಚರ್ ಆಗಿ ಹೋಗುವವರಿಗೆ: ಮುಂಬಯಿಯ ಕನ್ನಡಿಗರಿಗೊಂದು ಮಾರ್ಗದರ್ಶಿ

ಮುಂಬಯಿಯ ಶಾಲೆಗಳಲ್ಲಿ ಬದಲಿ ಟೀಚರ್ ಕೆಲಸ ಎರಡು ಬಗೆಯದು. ರಜೆ ಹಾಕಿದವರ ತರಗತಿಯನ್ನು ಅದೇ ಶಾಲೆಯ ಇನ್ನೊಬ್ಬರು ಒಂದು ಪೀರಿಯಡ್ ಮಟ್ಟಿಗೆ ನೋಡಿಕೊಳ್ಳುವುದನ್ನು ಪ್ರಾಕ್ಸಿ ಎನ್ನುತ್ತಾರೆ. ರಜೆ ದೀರ್ಘವಾದಾಗ ಅಥವಾ ಶಾಲೆಯೊಳಗೆ ಕೈ ಸಾಲದಾದಾಗ ಹೊರಗಿನವರನ್ನು ಕರೆಸುತ್ತಾರೆ. ಇದಕ್ಕೆ ಲೀವ್ ವೇಕೆನ್ಸಿ ಎಂದು ಹೆಸರು. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಬಂದ ತಿದ್ದುಪಡಿಯ ನಂತರ ಮೊದಲ ಎರಡು ಹೆರಿಗೆಗಳಿಗೆ 26 ವಾರಗಳ ಸಂಬಳಸಹಿತ ರಜೆ ದೊರೆಯುತ್ತಿರುವುದರಿಂದ, ಮತ್ತು ಶಿಕ್ಷಣ ಹಕ್ಕು ಕಾಯ್ದೆಯು ಜನಗಣತಿ, ಚುನಾವಣೆ ಹಾಗೂ ವಿಪತ್ತು ಪರಿಹಾರದ ಕೆಲಸಕ್ಕೆ ಶಿಕ್ಷಕರನ್ನು ಬಳಸಿಕೊಳ್ಳಲು ಅವಕಾಶ ನೀಡಿರುವುದರಿಂದ, ಇಂಥ ಖಾಲಿ ಜಾಗಗಳು ವರ್ಷವಿಡೀ ಒಂದಲ್ಲ ಒಂದು ಕಡೆ ಹುಟ್ಟುತ್ತಲೇ ಇರುತ್ತವೆ. ಊರಿನಲ್ಲಿ ಡಿ.ಎಡ್. ಮುಗಿಸಿ, ಮದುವೆಯಾಗಿ ಡೊಂಬಿವಲಿಗೋ ಠಾಣೆಗೋ ಕಾಂದಿವಲಿಗೋ ಬಂದು ನೆಲೆಸಿದ ಅನೇಕ ಕನ್ನಡತಿಯರು ಮತ್ತೆ ತರಗತಿಯೊಳಗೆ ಕಾಲಿಡುವುದು ಈ ಬಾಗಿಲಿನಿಂದಲೇ.

ಶಿಶುವರ್ಗದಿಂದ ಎರಡನೇ ತರಗತಿಯವರೆಗಿನ ಮಕ್ಕಳ ನಡುವೆ ಈ ಕೆಲಸ ಮಾಡಿದ ಅನುಭವದ ಮೇಲೆ ಹೇಳುವುದಾದರೆ, ಬದಲಿಯಾಗಿ ಹೋದವರು ಒಳ್ಳೆಯ ಪಾಠ ಮಾಡಿದರೆಂದು ಯಾವ ಶಾಲೆಯೂ ಮತ್ತೆ ಕರೆಯುವುದಿಲ್ಲ. ತರಗತಿಯ ದಿನಚರಿ ಕೆಡಲಿಲ್ಲ, ಪ್ರತಿಯೊಂದು ಮಗುವೂ ಸರಿಯಾದ ಕೈ ಸೇರಿತು ಎಂಬ ಎರಡು ಕಾರಣಗಳಿಗೆ ಕರೆಯುತ್ತದೆ. ಮುಂದಿನ ಸೂಚನೆಗಳೆಲ್ಲ ಈ ಎರಡನ್ನು ಲಕ್ಷ್ಯದಲ್ಲಿಟ್ಟುಕೊಂಡೇ ಬರೆದವು.

ಕರೆ ಬಂದಾಗ ಕೇಳಬೇಕಾದದ್ದು

ಕರೆ ಸಾಮಾನ್ಯವಾಗಿ ಹಿಂದಿನ ದಿನ ರಾತ್ರಿ ಬರುತ್ತದೆ, ಕೆಲವೊಮ್ಮೆ ಅದೇ ದಿನ ಬೆಳಿಗ್ಗೆ. ಗಡಿಬಿಡಿಯಲ್ಲಿ ಹೂಂ ಎಂದುಬಿಡುವ ಮೊದಲು ಯಾವ ತರಗತಿ, ಯಾವ ಮಾಧ್ಯಮ, ಯಾವ ಪಾಳಿ, ಎಷ್ಟು ದಿನ, ತರಗತಿಯಲ್ಲಿ ಸಹಾಯಕ್ಕೆ ಮಾವಶಿ (ಆಯಾ) ಇರುತ್ತಾರೆಯೇ, ಸಂಭಾವನೆ ದಿನದ ಲೆಕ್ಕದ್ದೋ ತಿಂಗಳ ಲೆಕ್ಕದ್ದೋ ಎಂಬುದನ್ನು ಕೇಳಿಕೊಳ್ಳಬೇಕು. ನಾಲ್ಕನೇ ತರಗತಿಯವರೆಗಿನ ಶಾಲೆಗಳು ಬೆಳಿಗ್ಗೆ 9ಕ್ಕೆ ಮೊದಲು ಆರಂಭವಾಗಕೂಡದೆಂದು ರಾಜ್ಯ ಸರ್ಕಾರ 2024ರಲ್ಲಿ ಹೇಳಿದೆಯಾದರೂ, ಒಂದೇ ಕಟ್ಟಡದಲ್ಲಿ ಎರಡು ಪಾಳಿ ನಡೆಸುವ ಈ ನಗರದಲ್ಲಿ ಸಮಯವನ್ನು ಊಹಿಸಿಕೊಂಡು ಹೊರಡುವುದು ಸರಿಯಲ್ಲ.

ಆಧಾರ್, ಪ್ಯಾನ್, ಅಂಕಪಟ್ಟಿ ಮತ್ತು ಪ್ರಮಾಣಪತ್ರಗಳ ನಕಲು, ಎರಡು ಭಾವಚಿತ್ರ ಇವುಗಳನ್ನು ಒಂದು ಫೈಲಿನಲ್ಲಿ ಸಿದ್ಧವಾಗಿಟ್ಟುಕೊಳ್ಳಬೇಕು. ಒಂದರಿಂದ ಐದನೇ ತರಗತಿಯವರೆಗಿನ ಹುದ್ದೆಗೆ ಡಿ.ಎಲ್.ಎಡ್. (ಪ್ರಾಥಮಿಕ ಶಿಕ್ಷಣದ ಡಿಪ್ಲೊಮಾ) ಅಥವಾ ಅದಕ್ಕೆ ಸಮಾನವಾದ ತರಬೇತಿಯ ಜೊತೆಗೆ ಟಿ.ಇ.ಟಿ. (ಶಿಕ್ಷಕರ ಅರ್ಹತಾ ಪರೀಕ್ಷೆ) ಬೇಕಾಗುತ್ತದೆ, ಬಿ.ಎಡ್. ಮಾತ್ರ ಇದ್ದರೆ ಪ್ರಾಥಮಿಕ ಹಂತಕ್ಕೆ ಅದು ಅರ್ಹತೆಯಾಗದೆಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ತೀರ್ಪಿತ್ತಿದೆ. ಅಲ್ಪಾವಧಿಯ ಕೆಲಸಕ್ಕೆ ಖಾಸಗಿ ಶಾಲೆಗಳು ಇಷ್ಟು ಕೆದಕದೆ ಇರಬಹುದು, ಆದರೆ ಅನುದಾನಿತ ಶಾಲೆಗಳ ದೀರ್ಘ ರಜೆಯ ಹುದ್ದೆಗೆ ಇದನ್ನು ಕೇಳಿಯೇ ಕೇಳುತ್ತಾರೆ. 2024ರ ಆಗಸ್ಟ್‌ನಲ್ಲಿ ಬದ್ಲಾಪುರದ ಶಾಲೆಯೊಂದರಲ್ಲಿ ಇಬ್ಬರು ಪುಟ್ಟ ಬಾಲಕಿಯರ ಮೇಲೆ ನಡೆದ ದೌರ್ಜನ್ಯದ ಬಳಿಕ, ಶಾಲೆಯ ಸಿಬ್ಬಂದಿಯ ಪೂರ್ವಾಪರ ಪರಿಶೀಲನೆ ಮತ್ತು ಸಿಸಿಟಿವಿ ಅಳವಡಿಕೆಯ ಕುರಿತು ಸರ್ಕಾರ ಬಿಗಿಯಾದ ಆದೇಶ ಹೊರಡಿಸಿತು. ಆದ್ದರಿಂದ ಪೊಲೀಸ್ ಪರಿಶೀಲನೆಯ ಪತ್ರ ಕೇಳಿದರೆ ಅವಮಾನವೆಂದು ಭಾವಿಸುವ ಕಾರಣವಿಲ್ಲ. ಕೇಳದ ಶಾಲೆಯ ಬಗ್ಗೆಯೇ ಸ್ವಲ್ಪ ಯೋಚಿಸಬೇಕು.

ಚೀಲದಲ್ಲಿ ಏನಿರಬೇಕು

ಹೆಚ್ಚೇನೂ ಬೇಡ. ಸೀಮೆಸುಣ್ಣ, ನಾಲ್ಕೈದು ಪೆನ್ಸಿಲ್, ಮೆಂಡರ್, ಹಳೆಯ ಪತ್ರಿಕೆಯ ಹಾಳೆಗಳು, ಕೈಯೊರೆಸುವ ಬಟ್ಟೆ, ಒಂದಿಷ್ಟು ಸೇಫ್ಟಿ ಪಿನ್ (ಒಂದನೇ ತರಗತಿಯ ಲಂಗದ ಹುಕ್ಕುಗಳು ದಿನಕ್ಕೊಂದರಂತೆ ಕಿತ್ತು ಬರುತ್ತವೆ), ಅಂಟುವ ಕಾಗದದ ಟೇಪು ಮತ್ತು ಮಾರ್ಕರ್ ಪೆನ್ನು. ಟೇಪಿನ ತುಂಡಿನ ಮೇಲೆ ಪ್ರತಿಯೊಬ್ಬರ ಹೆಸರು ಬರೆದು ಎದೆಗೆ ಅಂಟಿಸಿದರೆ ಅರ್ಧ ಗಂಟೆಯೊಳಗೆ ಎಲ್ಲರನ್ನೂ ಹೆಸರು ಹಿಡಿದು ಕರೆಯಬಹುದು. ಹೆಸರು ಹಿಡಿದು ಕರೆಯುವ ಟೀಚರ್‌ಗೂ, "ಏ, ನೀಲಿ ರಿಬ್ಬನ್" ಎನ್ನುವ ಟೀಚರ್‌ಗೂ ಮಕ್ಕಳು ತೋರುವ ವಿಧೇಯತೆಯಲ್ಲಿ ಬಹಳ ವ್ಯತ್ಯಾಸವಿದೆ. ಶಾಲೆ ಬಿಡುವ ಮೊದಲು ಆ ಟೇಪುಗಳನ್ನೆಲ್ಲ ನೆನಪಿಟ್ಟು ಕೀಳಬೇಕು, ಏಕೆಂದರೆ ಗೇಟಿನ ಹೊರಗೆ ಮಗುವಿನ ಹೆಸರನ್ನು ಓದಿಕೊಂಡು ಕರೆಯುವ ಅವಕಾಶ ಅಪರಿಚಿತರಿಗೆ ಸಿಗಬಾರದು.

ಚಾಕೊಲೇಟು, ಪೆಪ್ಪರ್‌ಮಿಂಟು ಒಯ್ಯಬೇಡಿ. ಯಾವ ಮಗುವಿಗೆ ಏನು ಒಗ್ಗದೆಂದು ನಿಮಗೆ ತಿಳಿಯದು.

ಗಂಟೆ ಬಾರಿಸುವ ಮೊದಲು

ಲೋಕಲ್ ಟ್ರೇನು ಕೈಕೊಡುವುದನ್ನು ಲೆಕ್ಕಕ್ಕೆ ಹಿಡಿದು, ಅರ್ಧ ಗಂಟೆ ಮುಂಚೆ ಶಾಲೆ ತಲುಪುವಂತೆ ಹೊರಡಬೇಕು. ಆಫೀಸಿನಲ್ಲಿ ಸಹಿ ಹಾಕಿದ ಮೇಲೆ ತರಗತಿಗೆ ಹೋಗುವ ಮುನ್ನ ಕುಡಿಯುವ ನೀರು, ಮಕ್ಕಳ ಶೌಚಾಲಯ ಮತ್ತು ಕೆಳಗಿಳಿಯುವ ಇನ್ನೊಂದು ಮೆಟ್ಟಿಲುಸಾಲು ಎಲ್ಲಿವೆಯೆಂದು ಕಣ್ಣಾರೆ ನೋಡಿಕೊಂಡು ಬರಬೇಕು. ನಂತರ ಮಾವಶಿಯನ್ನು ಹುಡುಕಿ ಮಾತನಾಡಿಸಬೇಕು. ಮುಖ್ಯ ಶಿಕ್ಷಕಿಗೆ ತಿಳಿಯದ ಎಷ್ಟೋ ಸಂಗತಿಗಳು ಈ ಹೆಂಗಸಿಗೆ ತಿಳಿದಿರುತ್ತವೆ. ಯಾವ ಮಗುವಿಗೆ ಫಿಟ್ಸ್ ಬರುತ್ತದೆ, ದಮ್ಮು ಇದೆ, ಶೇಂಗಾ ಒಗ್ಗುವುದಿಲ್ಲ. ಯಾವ ಇಬ್ಬರನ್ನು ಒಂದೇ ಬೆಂಚಿನಲ್ಲಿ ಕೂಡಿಸಬಾರದು. ಯಾರ್‍ಯಾರು ವ್ಯಾನಿನಲ್ಲಿ, ಯಾರ್‍ಯಾರು ಮನೆಯವರ ಜೊತೆ ಹೋಗುತ್ತಾರೆ ಎಂಬ ಮೂರನ್ನು ಕೇಳಿ ಒಂದು ಚೀಟಿಯಲ್ಲಿ ಬರೆದುಕೊಂಡರೆ, ಆ ದಿನದ ಅರ್ಧ ಕೆಲಸ ಹಗುರಾಯಿತು. ಮಾವಶಿಯನ್ನು "ತಾಯಿ" ಎಂದೋ "ಮಾವಶಿ" ಎಂದೋ ಬಹುವಚನದಲ್ಲಿ ಕರೆಯಬೇಕು. ಗತ್ತು ತೋರಿಸಿದವರಿಗೆ ನೆಲ ಒರೆಸುವ ಬಟ್ಟೆಯೂ ಹೊತ್ತಿಗೆ ಸಿಗುವುದಿಲ್ಲ.

ಮೊದಲ ಕಾಲು ಗಂಟೆ

ಹೊಸ ಮುಖ ಕಂಡೊಡನೆ ಮಕ್ಕಳು ಕೇಳುವ ಮೊದಲ ಪ್ರಶ್ನೆ, "ನಮ್ಮ ಟೀಚರ್ ಎಲ್ಲಿ?" ಇದಕ್ಕೆ ಚಿಕ್ಕದಾದ, ನಿಜವಾದ ಉತ್ತರ ಕೊಡಬೇಕು. ಟೀಚರ್ ರಜೆಯಲ್ಲಿದ್ದಾರೆ, ಇವತ್ತು ನಾನಿರುತ್ತೇನೆ, ಮನೆಗೆ ಹೋಗುವ ಹೊತ್ತಿಗೆ ಎಂದಿನಂತೆ ಎಲ್ಲರೂ ಹೋಗುತ್ತೀರಿ ಎಂದರೆ ಸಾಕು. ಕಾಯಿಲೆಯ ವಿವರ, ಆಸ್ಪತ್ರೆಯ ಮಾತು ಬೇಡ. ಖಚಿತವಾಗಿ ತಿಳಿಯದೆ "ನಾಳೆ ಬರುತ್ತಾರೆ" ಎಂದೂ ಹೇಳಬಾರದು. ಮರುದಿನವೂ ನೀವೇ ಬಾಗಿಲಲ್ಲಿ ನಿಂತರೆ ಆ ಮಕ್ಕಳು ನಿಮ್ಮ ಇನ್ನಾವ ಮಾತನ್ನೂ ನಂಬುವುದಿಲ್ಲ. ಮೂರನೆಯ ವಾಕ್ಯವನ್ನು, ಅಂದರೆ ಮನೆಗೆ ಹೋಗುವ ಮಾತನ್ನು, ಬಿಡಲೇಬಾರದು. ಐದು ವರ್ಷದ ಮಗುವಿನ ಮನಸ್ಸಿನಲ್ಲಿ ಟೀಚರ್ ಎಂದರೆ ತನ್ನನ್ನು ಸಂಜೆ ಅಮ್ಮನಿಗೆ ಒಪ್ಪಿಸುವವಳು. ಆಕೆ ಇಲ್ಲದಿದ್ದರೆ ತನ್ನನ್ನು ಕಳಿಸುವವರು ಯಾರೆಂಬ ದಿಗಿಲೇ ಅರ್ಧದಷ್ಟು ಅಳುವಿಗೆ ಕಾರಣ.

ಮಹಾರಾಷ್ಟ್ರದಲ್ಲಿ ಒಂದನೇ ತರಗತಿಗೆ ಸೇರಲು ಆ ವರ್ಷದ ಡಿಸೆಂಬರ್ 31ಕ್ಕೆ 6 ವರ್ಷ ತುಂಬಿದರಾಯಿತು, ಆದ್ದರಿಂದ ಜೂನ್‌ನಲ್ಲಿ ನಿಮ್ಮೆದುರು ಕುಳಿತವರಲ್ಲಿ ಕೆಲವರಿಗೆ ಐದೂವರೆ ವರ್ಷವಷ್ಟೇ ಆಗಿರುತ್ತದೆ. ದೊಡ್ಡ ತರಗತಿಯ ಶಿಸ್ತನ್ನು ಅವರಲ್ಲಿ ಹುಡುಕಬಾರದು.

ಹಾಜರಿ ಕೂಗುವಾಗ ಹೆಸರಿಗೆ ಬಂದ ಉತ್ತರವನ್ನಷ್ಟೇ ನಂಬದೆ ತಲೆ ಎಣಿಸಬೇಕು. ಗೆಳತಿ ಬಾರದಿದ್ದರೆ ಅವಳ ಪರವಾಗಿ "ಪ್ರೆಸೆಂಟ್ ಟೀಚರ್" ಎನ್ನುವ ಉದಾರಿಗಳು ಎಲ್ಲ ತರಗತಿಗಳಲ್ಲೂ ಇರುತ್ತಾರೆ, ಹೆಸರು ಅದಲುಬದಲು ಮಾಡಿಕೊಂಡು ಹೊಸಬರ ಮುಖ ನೋಡಿ ಮುಸಿಮುಸಿ ನಗುವವರೂ ಇರುತ್ತಾರೆ. ಪ್ರಾಥಮಿಕ ಹಂತದಲ್ಲಿ 30 ಮಕ್ಕಳಿಗೊಬ್ಬ ಶಿಕ್ಷಕರಿರಬೇಕೆಂದು ಕಾಯ್ದೆ ಹೇಳುತ್ತದೆ. ನೀವು ಕಾಣುವ ತಲೆಗಳು ಅದಕ್ಕಿಂತ ಹೆಚ್ಚಿದ್ದರೂ ಆಶ್ಚರ್ಯವಿಲ್ಲ. ಎಣಿಕೆಯನ್ನು ಕರಿಹಲಗೆಯ ಮೂಲೆಯಲ್ಲಿ ಬರೆದಿಟ್ಟು, ಡಬ್ಬಾ ಬಿಡುವಿನ ನಂತರ, ಮೈದಾನದಿಂದ ಬಂದ ನಂತರ, ಶಾಲೆ ಬಿಡುವ ಮೊದಲು ಮತ್ತೆ ಎಣಿಸಿ ತಾಳೆ ನೋಡಬೇಕು.

"ನಮ್ಮ ಟೀಚರ್ ಹೀಗೆ ಮಾಡುವುದಿಲ್ಲ" ಎಂಬ ಆಕ್ಷೇಪ ದಿನಕ್ಕೆ ಹತ್ತಾರು ಬಾರಿ ಕೇಳಿಬರುತ್ತದೆ. ಹೊಸಬರು ಇದನ್ನು ಉದ್ಧಟತನವೆಂದು ತಿಳಿಯುತ್ತಾರೆ. ಆ ಮಗು ತನಗೆ ಗೊತ್ತಿರುವ ಕ್ರಮವನ್ನು ನಿಮಗೆ ಕಲಿಸಿಕೊಡುತ್ತಿದೆ, ಅಷ್ಟೆ. "ಹಾಗಾದರೆ ಟೀಚರ್ ಹೇಗೆ ಮಾಡುತ್ತಾರೆ, ತೋರಿಸು" ಎಂದು ಕೇಳಿ, ಅಪಾಯವಿಲ್ಲದ ವಿಷಯವಾದರೆ ಹಾಗೆಯೇ ಮಾಡಬೇಕು. ಪ್ರಾರ್ಥನೆಯ ಕ್ರಮ, ನೀರಿನ ಬಾಟಲಿಗಳನ್ನಿಡುವ ಜಾಗ, ಸಾಲು ನಿಲ್ಲುವ ರೀತಿ ಇವನ್ನು ಬದಲಾಯಿಸುವ ಹಕ್ಕು ಒಂದು ದಿನಕ್ಕೆ ಬಂದವರಿಗಿಲ್ಲ. ದಿನಚರಿ ತೋರಿಸಲು ಇಬ್ಬರನ್ನು ಆರಿಸುವಾಗ ಮುಂದಿನ ಬೆಂಚಿನ ಜಾಣರನ್ನು ಬಿಟ್ಟು, ಹಿಂದೆ ಕೂತು ಕಾಲು ಕುಣಿಸುತ್ತಿರುವವನೊಬ್ಬನನ್ನೂ ಸೇರಿಸಿಕೊಂಡರೆ ಮಧ್ಯಾಹ್ನದವರೆಗೆ ಅವನ ಚಿಂತೆ ಇರುವುದಿಲ್ಲ.

ಮಾತಿನ ತೊಡಕು

ಬೃಹನ್ಮುಂಬಯಿ ಮಹಾನಗರಪಾಲಿಕೆಯು ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತದೆ, ಅವುಗಳಲ್ಲಿ ಕನ್ನಡವೂ ಒಂದು. ಪುಣೆಯ ಬಾಲಭಾರತಿ ಸಂಸ್ಥೆ ಕನ್ನಡದಲ್ಲೂ ಪಠ್ಯಪುಸ್ತಕ ಮುದ್ರಿಸುತ್ತದೆ. ಕನ್ನಡ ಮಾಧ್ಯಮದಲ್ಲಿ ಮಕ್ಕಳ ಸಂಖ್ಯೆ ಕಡಿಮೆಯಾಗಿರುವ ಕಡೆ ಒಂದನೆಯ ಮತ್ತು ಎರಡನೆಯ ತರಗತಿಗಳನ್ನು ಒಟ್ಟಿಗೆ ಕೂಡಿಸಿರಬಹುದು. ಆಗ ಒಂದು ಗುಂಪಿಗೆ ಬರೆಯುವ ಕೆಲಸ ಕೊಟ್ಟು ಇನ್ನೊಂದರ ಜೊತೆ ಬಾಯಿಮಾತಿನ ಪಾಠ ನಡೆಸುವುದೊಂದೇ ದಾರಿ. ಮನೆಯಲ್ಲಿ ತುಳು, ಕಲಬುರಗಿಯ ಕನ್ನಡ ಅಥವಾ ಲಂಬಾಣಿ, ಆಟದಲ್ಲಿ ಹಿಂದಿ, ಪುಸ್ತಕದಲ್ಲಿ ಗ್ರಂಥದ ಕನ್ನಡ ಹೀಗೆ ಹಂಚಿಹೋದ ಮಕ್ಕಳನ್ನು ಮೊದಲ ದಿನವೇ ಉಚ್ಚಾರಣೆಗಾಗಿ ತಿದ್ದತೊಡಗಿದರೆ ಅವರು ಬಾಯಿ ಬಿಡುವುದನ್ನೇ ನಿಲ್ಲಿಸುತ್ತಾರೆ.

ಇಂಗ್ಲಿಷ್ ಅಥವಾ ಮರಾಠಿ ಮಾಧ್ಯಮದ ಶಿಶುವರ್ಗಕ್ಕೆ ಹೋಗುವವರಿಗೆ ಪಾಠದ ಮರಾಠಿ ಬಾರದಿದ್ದರೂ ನಡೆದೀತು, ಅವಸರದ ಮರಾಠಿ ಬರಲೇಬೇಕು. "ಶೂ ಲಾಗ್ಲಿ" ಎಂದರೆ ಮೂತ್ರಕ್ಕೆ ಹೋಗಬೇಕೆಂದು, "ಪೋಟ್ ದುಖ್ತಯ್" ಎಂದರೆ ಹೊಟ್ಟೆನೋವೆಂದು, "ಉಲ್ಟಿ" ಎಂದರೆ ಬಕೆಟ್ ಹುಡುಕಬೇಕೆಂದು ತಿಳಿದಿರಬೇಕು. ಇವೆಲ್ಲ ಎರಡನೆಯ ಸಲ ಹೇಳಿಸಿಕೊಳ್ಳುವಷ್ಟು ಸಮಯವಿರುವ ಮಾತುಗಳಲ್ಲ.

ಪಾಠದ ಹೊತ್ತು

ರಜೆ ಹಾಕಿದವರು ಪಾಠದ ಯೋಜನೆ ಬರೆದಿಟ್ಟಿದ್ದರೆ ಅದನ್ನೇ ಅನುಸರಿಸಬೇಕು. ಬರೆದಿಡದಿದ್ದರೆ ಮಕ್ಕಳ ನೋಟ್‌ಪುಸ್ತಕದಲ್ಲಿ ಕೊನೆಗೆ ಬರೆದಿರುವ ನಾಲ್ಕೈದು ಪುಟ ತಿರುವಿ, ಕಲಿತದ್ದನ್ನೇ ಬೇರೆ ರೂಪದಲ್ಲಿ ಮಾಡಿಸಬೇಕು. ಹೊಸ ಅಕ್ಷರ, ಹೊಸ ಬಗೆಯ ಲೆಕ್ಕ ಆರಂಭಿಸಬಾರದು: ಅಕ್ಷರದ ಗೆರೆಯನ್ನು ಎಲ್ಲಿಂದ ಎಳೆಯಬೇಕು, ಕಳೆಯುವಾಗ ದಶಕ ಹೇಗೆ ತೆಗೆದುಕೊಳ್ಳಬೇಕು ಎಂಬುದನ್ನು ಒಬ್ಬೊಬ್ಬ ಟೀಚರ್ ಒಂದೊಂದು ರೀತಿಯಲ್ಲಿ ಕಲಿಸುತ್ತಾರೆ, ನೀವು ಬಿತ್ತಿದ ಗೊಂದಲವನ್ನು ಅವರು ಹಿಂತಿರುಗಿ ಬಂದು ಕೀಳಬೇಕಾಗುತ್ತದೆ. ಲೀವ್ ವೇಕೆನ್ಸಿಯವರಿಗೆ ಈ ನಿಯಮ ಅನ್ವಯಿಸದು. ಅವರು ಮೊದಲ ವಾರವಷ್ಟೇ ಹೀಗೆ ತಡೆದು ನಡೆದರೆ ಸಾಕು.

ಈ ವಯಸ್ಸಿನವರು ಒಂದೇ ಕೆಲಸದಲ್ಲಿ ಹತ್ತು ಹದಿನೈದು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದು ಕಷ್ಟ, ಹಾಗಾಗಿ ಕೂತು ಮಾಡುವ ಕೆಲಸದ ಬೆನ್ನಿಗೆ ಮೈ ಅಲುಗಿಸುವ ಕೆಲಸ ಬರಬೇಕು. ಇಲ್ಲಿನ ಮಕ್ಕಳಿಗೆಲ್ಲ ಗೊತ್ತಿರುವ "ಚಿಊ ಉಡ್, ಕಾಊ ಉಡ್" (ಗುಬ್ಬಿ ಹಾರು, ಕಾಗೆ ಹಾರು; ಹಾರುವುದರ ಹೆಸರಿಗೆ ಮಾತ್ರ ಕೈಯೆತ್ತಬೇಕು) ಆಟವನ್ನು ಬೆಂಚು ಬಿಟ್ಟೇಳದೆ ಆಡಿಸಬಹುದು. ನಡುವೆ "ಮಂಚ ಉಡ್" ಎಂದಾಗ ಕೈಯೆತ್ತಿದವರು ಒಂದು ಪದ ಹೇಳಬೇಕೆಂದರೆ ಭಾಷೆಯ ಪಾಠವೂ ಆಯಿತು. ನಮ್ಮ ಕೆರೆ-ದಡದ ಆಟಕ್ಕೆ ನೆಲದ ಮೇಲೊಂದು ಗೆರೆ ಸಾಕು, ಗೆರೆಯ ಈಚೆ ಸಮಸಂಖ್ಯೆ, ಆಚೆ ಬೆಸಸಂಖ್ಯೆ ಎಂದು ಹೇಳಿ ಎರಡನೇ ತರಗತಿಯವರನ್ನು ಹಾರಿಸಬಹುದು. ಕಥೆ ಹೇಳುವುದಾದರೆ ಒಂದೇ ಕಥೆಯನ್ನು ಮೂರು ಸಲ ಹೇಳಿ: ಮೊದಲು ನೀವು, ಆಮೇಲೆ ಅವರು ಮಾತು ಸೇರಿಸುವಂತೆ, ಕೊನೆಗೆ ಅವರು ಅಭಿನಯಿಸುವಂತೆ. ಪುಸ್ತಕ ತಿದ್ದಿದ್ದರೆ ಕೆಳಗೆ ನಿಮ್ಮ ಚುಟುಕು ಸಹಿ ಮತ್ತು ದಿನಾಂಕ ಇರಲಿ.

ಡಬ್ಬಾ, ಶೌಚ, ಔಷಧ

ಡಬ್ಬಾ ಹಂಚಿಕೊಂಡು ತಿನ್ನುವುದು ಒಳ್ಳೆಯ ಗುಣವೆಂದು ನಮಗೆ ಕಲಿಸಲಾಗಿದೆ, ಆದರೆ ಪರಿಚಯವಿಲ್ಲದ ತರಗತಿಯಲ್ಲಿ ಇದನ್ನು ಉತ್ತೇಜಿಸದಿರುವುದೇ ಕ್ಷೇಮ. ಒಗ್ಗದ ಪದಾರ್ಥದ ಭಯ ಒಂದು. ಜೈನರ ಮಗು ಈರುಳ್ಳಿ ಹಾಕಿದ ಪೋಹೆ ತಿಂದು ಮನೆಯಲ್ಲಿ ಹೇಳಿತೆಂದರೆ ಮರುದಿನ ಬರುವ ದೂರು ಇನ್ನೊಂದು. ಮಗು ಪೂರ್ತಿ ತಿನ್ನದಿದ್ದರೆ ಬಲವಂತ ಬೇಡ, ಉಳಿದದ್ದನ್ನು ಡಬ್ಬಾದಲ್ಲೇ ಮನೆಗೆ ಕಳಿಸಿದರೆ ತಾಯಿಗೆ ವಿಷಯ ತಿಳಿಯುತ್ತದೆ. ಯಾವ ಮಗುವಿಗೂ ನಿಮ್ಮ ಕೈಯಾರೆ ಮಾತ್ರೆ, ಸಿರಪ್ ಕೊಡಬಾರದು. ಅದು ಆಫೀಸಿನ ಮೂಲಕವೇ ಆಗಬೇಕು.

ಶೌಚಾಲಯಕ್ಕೆ ಮಾವಶಿಯ ಜೊತೆ ಕಳಿಸಬೇಕು. ಬಟ್ಟೆ ಒದ್ದೆಯಾದ ಮಗುವನ್ನು ಒಬ್ಬರೇ ಬಾಗಿಲು ಮುಚ್ಚಿ ಬದಲಾಯಿಸುವುದನ್ನು ಹೆಂಗಸರಾದರೂ ಮಾಡಬಾರದು, ಗಂಡಸರಂತೂ ಯೋಚಿಸಲೂಬಾರದು. ಒಬ್ಬರು ಎದ್ದೊಡನೆ ಹತ್ತು ಕೈಗಳು ಮೇಲೇಳುತ್ತವೆ. ಅದರಲ್ಲಿ ಎಂಟು ಹೊಸಬರನ್ನು ಅಳೆದು ನೋಡುವ ಕೈಗಳೆಂದು ಗೊತ್ತಿದ್ದರೂ ಶಿಶುವರ್ಗದಲ್ಲಿ ಯಾರನ್ನೂ ತಡೆಯಬೇಡಿ, ನಿಜವಾದ ಎರಡು ಯಾವುವೆಂದು ಹೇಳಲಾಗದು.

ಅಳು ಮತ್ತು ಕೋಪ

ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ವಿಧಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಕಿವಿ ಹಿಂಡುವುದು, ಬೆಂಚಿನ ಮೇಲೆ ನಿಲ್ಲಿಸುವುದು, "ನಿನ್ನನ್ನು ಮನೆಗೆ ಕಳಿಸುವುದಿಲ್ಲ" ಎಂದು ಹೆದರಿಸುವುದು ಯಾವುದಕ್ಕೂ ಅವಕಾಶವಿಲ್ಲ. ಕಿರುಚಾಟದಿಂದ ಗದ್ದಲ ಹೆಚ್ಚುತ್ತದೆಯೇ ಹೊರತು ಇಳಿಯದು. ಬಾಗಿಲ ಬಳಿ ಸುಮ್ಮನೆ ನಿಂತು, ಹತ್ತಿರದ ಇಬ್ಬರಿಗೆ ಮಾತ್ರ ಕೇಳುವಂತೆ ಏನನ್ನಾದರೂ ಹೇಳತೊಡಗಿದರೆ ಉಳಿದವರು ತಾವೇ ಕಿವಿಗೊಡುತ್ತಾರೆ. ಗದ್ದಲ ಮಾಡಿದವರ ಹೆಸರು ಬರೆಯುವ ಕೆಲಸವನ್ನು ಮಾನಿಟರ್‌ಗೆ ವಹಿಸಬೇಡಿ. ಆರು ವರ್ಷದವರ ಆ ಪಟ್ಟಿಯಲ್ಲಿ ಹಳೆಯ ಹಗೆಗಳೆಲ್ಲ ಸೇರಿರುತ್ತವೆ.

ಹೊಸ ಟೀಚರ್ ಬಂದ ದಿನ ಚೀಲವನ್ನು ಬೆನ್ನಿನಿಂದ ಇಳಿಸಲೊಪ್ಪದ ಒಂದು ಮಗುವಾದರೂ ಇರುತ್ತದೆ. ಸೀನಿಯರ್ ಕೆ.ಜಿ.ಯ ಅಂಥ ಹುಡುಗನೊಬ್ಬ ನೀರಿನ ಬಾಟಲಿಯ ಪಟ್ಟಿಯನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ಬೆಂಚಿನ ತುದಿಯಲ್ಲಿ ಬಾಗಿಲಿಗೆ ಮುಖ ಮಾಡಿ ಕೂತಿದ್ದ, ಬೆನ್ನ ಮೇಲಿನ ಚೀಲ ಅವನನ್ನು ಮುಂದಕ್ಕೆ ತಳ್ಳುತ್ತಿತ್ತು. ಚೀಲ ಇಳಿಸಿದರೆ ಇಲ್ಲಿಯೇ ಇರಲು ಒಪ್ಪಿದಂತಾಗುತ್ತದೆ ಎಂಬುದು ಅವನ ಲೆಕ್ಕ. ಇಂಥವರನ್ನು ಎಳೆದಾಡಬಾರದು, ಮುದ್ದಿಸಲೂ ಹೋಗಬಾರದು. ಬಣ್ಣದ ಪೆಟ್ಟಿಗೆ ಹಂಚುವಂಥ ಕೈಕೆಲಸ ಕೊಡಬೇಕು. ಆ ಹುಡುಗ ಚೀಲ ಹೊತ್ತೇ ಮೂರು ಸಾಲು ಹಂಚಿ, ನಾಲ್ಕನೆಯ ಸಾಲಿನ ಇಕ್ಕಟ್ಟಿನಲ್ಲಿ ತೂರಲಾಗದೆ ತಾನೇ ಇಳಿಸಿಟ್ಟ.

ಅಪರೂಪಕ್ಕೊಮ್ಮೆ, ತಮ್ಮ ಟೀಚರ್‌ಗೆ ಹೇಳಲಾಗದ್ದನ್ನು ಮಗು ಹೊಸಬರಿಗೆ ಹೇಳುತ್ತದೆ. ಯಾರೋ ಮುಟ್ಟಿದ, ನೋಯಿಸಿದ ಮಾತು ಬಂದರೆ ಗಾಬರಿ ತೋರದೆ ಕೇಳಿಸಿಕೊಂಡು, ಕೆದಕಿ ಪ್ರಶ್ನಿಸದೆ, ಮಗು ಬಳಸಿದ ಪದಗಳಲ್ಲೇ ಬರೆದಿಟ್ಟು ಮುಖ್ಯ ಶಿಕ್ಷಕಿಗೆ ತಿಳಿಸಬೇಕು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಇಂಥ ಮಾಹಿತಿಯನ್ನು ಪೊಲೀಸರಿಗೆ ಮುಟ್ಟಿಸುವುದು ತಿಳಿದವರ ಕರ್ತವ್ಯ. ಒಂದು ದಿನಕ್ಕೆ ಬಂದವರೆಂಬ ಕಾರಣಕ್ಕೆ ಅದರಿಂದ ವಿನಾಯಿತಿಯಿಲ್ಲ. ಮಕ್ಕಳ ಸಹಾಯವಾಣಿಯ ಸಂಖ್ಯೆ 1098.

ಶಾಲೆ ಬಿಡುವ ಹೊತ್ತು

ದಿನವಿಡೀ ಏನೇ ತಪ್ಪಿದರೂ ತಿದ್ದಬಹುದು, ಇದೊಂದನ್ನು ಬಿಟ್ಟು. ಖಾಯಂ ಟೀಚರ್‌ಗೆ ಪ್ರತಿ ಮಗುವಿನ ತಾಯಿ, ಅಜ್ಜ, ವ್ಯಾನಿನವ ಎಲ್ಲರ ಮುಖವೂ ಗೊತ್ತು. ನಿಮಗೆ ಒಂದೂ ಗೊತ್ತಿಲ್ಲ. ಗಂಟೆ ಬಾರಿಸುವ ಇಪ್ಪತ್ತು ನಿಮಿಷ ಮೊದಲೇ ಪಾಠ ನಿಲ್ಲಿಸಿ, ಬಾಟಲಿ, ಡಬ್ಬಾ, ರೇನ್‌ಕೋಟು ತುಂಬಿಸಿ, ವ್ಯಾನಿನವರನ್ನೂ ಮನೆಯವರ ಜೊತೆ ಹೋಗುವವರನ್ನೂ ಎರಡು ಸಾಲುಗಳಲ್ಲಿ ಕೂಡಿಸಬೇಕು. ಕರೆದೊಯ್ಯಲು ಬಂದವರ ಗುರುತಿನ ಕಾರ್ಡು ನೋಡದೆ ಒಂದು ಮಗುವನ್ನೂ ಬಿಡಕೂಡದು.

ಪೇಚಿಗೆ ಸಿಲುಕಿಸುವವರು ಸಾಮಾನ್ಯವಾಗಿ ಒಳ್ಳೆಯವರೇ. ಊರಿನಿಂದ ನಿನ್ನೆಯಷ್ಟೇ ಬಂದ ಅಜ್ಜ ಮೊಮ್ಮಗಳನ್ನು ಕರೆದೊಯ್ಯಲು ಬಂದಿರುತ್ತಾರೆ, ಕಾರ್ಡು ಮನೆಯಲ್ಲೇ ಉಳಿದಿರುತ್ತದೆ, ಮಗು "ಅಜ್ಜಾ" ಎಂದು ಓಡಿಹೋಗಿ ಕಾಲು ತಬ್ಬಿರುತ್ತದೆ, ಹಿಂದೆ ನಿಂತ ಪೋಷಕರು ಅವಸರಪಡಿಸುತ್ತಿರುತ್ತಾರೆ. ಆಗಲೂ ಬಿಡಬಾರದು. ಮಗು ಗುರುತು ಹಿಡಿಯಿತೆಂಬುದರಿಂದ ಮನೆಯವರ ಒಪ್ಪಿಗೆಯಿದೆಯೆಂದು ಸಿದ್ಧವಾಗದು. ಬೇರೆಯಾದ ದಂಪತಿಗಳ ಮಕ್ಕಳ ವಿಷಯದಲ್ಲಿ ಇದು ಇನ್ನಷ್ಟು ಸೂಕ್ಷ್ಮ. "ಅಜ್ಜಾ, ಎರಡು ನಿಮಿಷ ಕೂತುಕೊಳ್ಳಿ" ಎಂದು ಕುರ್ಚಿ ಕೊಟ್ಟು, ಆಫೀಸಿನ ರಿಜಿಸ್ಟರಿನಲ್ಲಿರುವ ಸಂಖ್ಯೆಗೆ ಕರೆ ಮಾಡಿಸಬೇಕು. ಬಂದವರು ತಮ್ಮ ಮೊಬೈಲಿನಲ್ಲಿ ಹಚ್ಚಿಕೊಡುವ ಕರೆಯನ್ನು ಒಪ್ಪಬಾರದು, ಏಕೆಂದರೆ ಆಚೆ ಮಾತನಾಡುವವರು ಯಾರೆಂದು ನಿಮಗೆ ತಿಳಿಯದು. ಸಿಟ್ಟಾದ ಅಜ್ಜನಿಗೆ ಆಮೇಲೆ ಮಗನೇ ತಿಳಿಹೇಳುತ್ತಾನೆ. ವ್ಯಾನಿನ ಚಾಲಕ ಬದಲಾಗಿದ್ದರೂ, ಮೂರನೇ ತರಗತಿಯ ಅಕ್ಕ ತಮ್ಮನನ್ನು ಕರೆದೊಯ್ಯುತ್ತೇನೆಂದರೂ ಇದೇ ಕ್ರಮ.

ಮಳೆಗಾಲದಲ್ಲಿ ಈ ಹೊತ್ತು ಗಂಟೆಗಟ್ಟಲೆ ಹಿಗ್ಗಬಹುದು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆ ಸುರಿದು ಮಕ್ಕಳು ಶಾಲೆಗಳಲ್ಲೇ ಸಿಕ್ಕಿಬಿದ್ದದ್ದನ್ನು ಹಳಬರು ಮರೆತಿಲ್ಲ. ನೀರು ತುಂಬುವ ಸೂಚನೆ ಕಂಡರೆ ಮಕ್ಕಳನ್ನು ಮೇಲಿನ ಅಂತಸ್ತಿನಲ್ಲೇ ಇರಿಸಿ, ಕೊನೆಯ ಮಗು ಹೋಗುವವರೆಗೆ ನೀವೂ ಇರಬೇಕಾಗುತ್ತದೆಂದು ಮನೆಗೆ ಮೊದಲೇ ಹೇಳಿಡಬೇಕು. ತಡವಾಗಿ ಹೋದ ಮಗುವನ್ನು ಯಾರು, ಎಷ್ಟು ಗಂಟೆಗೆ ಕರೆದೊಯ್ದರೆಂದು ಬರೆದು ಅವರ ಸಹಿ ಪಡೆಯಬೇಕು.

ಹೊರಡುವ ಮುನ್ನ

ರಜೆಯಲ್ಲಿರುವ ಟೀಚರ್‌ಗೆ ಒಂದು ಪುಟದ ಚೀಟಿ ಬರೆದು ಹಾಜರಿ ಪುಸ್ತಕದೊಳಗೆ ಇಡಬೇಕು: ಯಾವ ಪುಟದವರೆಗೆ ಏನು ಮಾಡಿಸಿದಿರಿ, ಯಾರು ಬಂದಿರಲಿಲ್ಲ, ಯಾರಿಗೆ ಪೆಟ್ಟಾಯಿತು, ಯಾರು ಊಟ ಮಾಡಲಿಲ್ಲ. ಮಕ್ಕಳ ಮೇಲಿನ ದೂರುಗಳಿಗೆ ಅಲ್ಲಿ ಜಾಗ ಬೇಡ. ಬಿದ್ದು ಪೆಟ್ಟಾದದ್ದನ್ನು, ಗೀರಾದರೂ ಸರಿ, ಅದೇ ದಿನ ಆಫೀಸಿಗೂ ಮನೆಯವರಿಗೂ ತಿಳಿಸಿರಬೇಕು.

ಸಂಭಾವನೆಯ ವಿಷಯದಲ್ಲಿ ಸಂಕೋಚ ಪಡುವವರು ನಮ್ಮಲ್ಲಿ ಹೆಚ್ಚು. ಕೆಲಸ ಮಾಡಿದ ದಿನಗಳನ್ನು ವೋಚರಿನಲ್ಲಿ ಅಂದಂದೇ ಬರೆಯಿಸಿ ಸಹಿ ಹಾಕಿಸಿಕೊಂಡರೆ ತಿಂಗಳ ಕೊನೆಯಲ್ಲಿ ವಾದವಿರುವುದಿಲ್ಲ. ಲೀವ್ ವೇಕೆನ್ಸಿಯಾದರೆ ಆರಂಭದಲ್ಲಿ ನೇಮಕದ ಪತ್ರವನ್ನೂ, ಮುಗಿದ ದಿನ ಅನುಭವದ ಪ್ರಮಾಣಪತ್ರವನ್ನೂ ಕೇಳಿ ಪಡೆಯಬೇಕು. ಪ್ರಮಾಣಪತ್ರದಲ್ಲಿ ತರಗತಿ, ಮಾಧ್ಯಮ ಮತ್ತು ಎರಡೂ ತಾರೀಕುಗಳು ಇವೆಯೇ ಎಂದು ಆಫೀಸಿನಲ್ಲೇ ಓದಿ ನೋಡಿಕೊಳ್ಳಬೇಕು, ಏಕೆಂದರೆ ಮುಖ್ಯ ಶಿಕ್ಷಕಿ ಬದಲಾದ ಮೇಲೆ ಅದನ್ನು ತಿದ್ದಿಸಲು ಓಡಾಡುವುದು ಬಹಳ ಕಷ್ಟ.